ಕಿವಿ ಮಿಷನ್ ಕೊಳ್ಳುವ ಮೊದಲು ಕಿವಿಯ ನಕ್ಷೆ ಓದಿ

ಸಕಲೇಶಪುರದ ಹತ್ತಿರ ನಮ್ಮ ಮಾವನ ಮನೆ. ಒಂದು ಸಂಜೆ ಅತ್ತೆ ಅಡುಗೆಮನೆಯಿಂದಲೇ "ಕಾಫಿ ಬೇಕಾ?" ಅಂತ ಕೂಗಿ ಕೇಳಿದರು. ಜಗಲಿಯಲ್ಲಿ ಕೂತಿದ್ದ ಮಾವ "ಈಗ್ಲೇ ಯಾಕೆ, ರಾತ್ರಿ ಹಾಸಿದ್ರಾಯ್ತು" ಅಂದರು. ಅವರ ಕಿವಿಗೆ ಬಿದ್ದದ್ದು "ಚಾಪೆ". ನಾವೆಲ್ಲ ನಕ್ಕೆವು, ವಿಷಯ ಗೊತ್ತಾದ ಮೇಲೆ ಅವರೂ ನಕ್ಕರು. ಕಿವಿ ಮಂದವಾಗುವುದರ ಮುಕ್ಕಾಲು ಪಾಲು ಗುಟ್ಟು ಆ ಒಂದು ತಪ್ಪಿನಲ್ಲೇ ಇತ್ತು. ಅದು ನನಗೆ ತಿಳಿಯುವಷ್ಟರಲ್ಲಿ ಎರಡು ವರ್ಷವೂ 28,000 ರೂಪಾಯಿಯೂ ಹೋಗಿದ್ದವು.

ಆ 28,000ದ ಮಿಷನ್ನು ಈಗಲೂ ಅವರ ಬೀರುವಿನಲ್ಲಿದೆ, ಬಿಸ್ಕತ್ ಡಬ್ಬಿಯೊಳಗೆ. ಕಿವಿಯ ತೂತಿನೊಳಗೇ ಕೂರುವ ಪುಟಾಣಿ ನಮೂನೆ. ಕೊಂಡದ್ದು ಯಾವುದೋ ಉಚಿತ ತಪಾಸಣಾ ಶಿಬಿರದಲ್ಲಿ. ತಲೆಯ ಮೇಲೆ ಫ್ಯಾನ್ ಗರಗರ ಅನ್ನುತ್ತಿತ್ತು, ಕಿಟಕಿಯಾಚೆ ಬಸ್ಸುಗಳ ಹಾರನ್ನು. ಅದರ ಮಧ್ಯೆ ಹತ್ತು ನಿಮಿಷದಲ್ಲಿ ಪರೀಕ್ಷೆ ಮುಗಿಸಿ, "ಹಾಕ್ಕೊಂಡಿರೋದು ಯಾರಿಗೂ ಕಾಣಲ್ಲ ಸಾರ್" ಅಂದರು. ಆ ಮಾತಿಗೆ ಮರುಳಾಗಿದ್ದು ಮಾವ ಅಲ್ಲ, ನಾನು. ಅವರು ನಾಲ್ಕು ದಿನ ಹಾಕಿಕೊಂಡರು. ಐದನೇ ದಿನ "ಗಡಿಗೆಯೊಳಗೆ ತಲೆಯಿಟ್ಟು ಮಾತಾಡ್ದಂಗಾಯ್ತದೆ" ಅಂತ ತೆಗೆದಿಟ್ಟವರು ಮತ್ತೆ ಮುಟ್ಟಲಿಲ್ಲ.

ಮಿಷನ್ನು ಕೆಟ್ಟದ್ದಾಗಿರಲಿಲ್ಲ. ಆ ಕಿವಿಗೆ, ಆ ಬೆರಳಿಗೆ, ಆ ಊರಿಗೆ ಅದು ಹೊಂದುವಂಥದ್ದಾಗಿರಲಿಲ್ಲ. ನಾನು ಮೊದಲು ಮಿಷನ್ ನೋಡಿ, ಆಮೇಲೆ ಕಿವಿಯ ಕಡೆ ತಿರುಗಿದ್ದೆ. ಆಗಬೇಕಾದದ್ದು ತಿರುವುಮುರುವು.

ಕೇಳಿಸುತ್ತೆ, ಆದರೆ ಗೊತ್ತಾಗಲ್ಲ

ವಯಸ್ಸಾದವರು ಸಾಮಾನ್ಯವಾಗಿ ಹೇಳುವ ಮಾತು ಇದು: "ನೀವು ಮಾತಾಡೋದು ಕೇಳ್ಸುತ್ತೆ, ಏನಂತೀರೋ ಗೊತ್ತಾಗಲ್ಲ." ಇದು ನೆಪವಲ್ಲ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ನಾಳ ಇದೆ. ಅದರೊಳಗೆ ಸುಮಾರು 15,000 ಕೂದಲು ಜೀವಕೋಶಗಳು. ಕೀರಲು ದನಿ, ಸಿಳ್ಳೆ, ಸ-ಶ-ಫ-ತ-ಕದಂಥ ಚೂಪು ಸದ್ದುಗಳನ್ನು ಹಿಡಿಯುವವು ನಾಳದ ಬಾಗಿಲಲ್ಲೇ ಇರುತ್ತವೆ. ಗಡಸು ದನಿಗಳನ್ನು ಹಿಡಿಯುವವು ಸುರುಳಿಯ ಒಳತುದಿಯಲ್ಲಿ. ಮನೆಯಲ್ಲಿ ಹೊಸಿಲ ಹತ್ತಿರದ ನೆಲ ಮೊದಲು ಸವೆಯುವಂತೆ ಇಲ್ಲಿಯೂ ಬಾಗಿಲ ಕಡೆಯವೇ ಮೊದಲು ಸವೆಯುತ್ತವೆ. ಸತ್ತ ಜೀವಕೋಶ ಮತ್ತೆ ಹುಟ್ಟುವುದಿಲ್ಲ.

ಹಾಗಾಗಿ "ಕಾಫಿ" ಎಂಬ ಪದದ ಆ, ಇ ಸ್ವರಗಳು ಮಾವನಿಗೆ ತಲುಪಿದವು. ಕ ಮತ್ತು ಫ ದಾರಿಯಲ್ಲೇ ಉದುರಿಹೋದವು. ಬಿಟ್ಟಸ್ಥಳವನ್ನು ಮಿದುಳು ತನಗೆ ತೋಚಿದ್ದರಿಂದ ತುಂಬಿತು, ಕಾಫಿ ಚಾಪೆಯಾಯಿತು. ಅವರ ವಿಷಯದಲ್ಲಿ ವಯಸ್ಸಿನ ಜೊತೆಗೆ ಇನ್ನೊಂದು ಕಾರಣವೂ ಸೇರಿತ್ತು. ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ, ಸಿಪ್ಪೆ ಬಿಡಿಸುವ ಹಲ್ಲರ್ ಮಿಷನ್ನಿನ ಪಕ್ಕ 31 ವರ್ಷ ದುಡಿದವರು, ನಿವೃತ್ತಿಯ ನಂತರ ತಮ್ಮದೇ ಎರಡೆಕರೆ ತೋಟದಲ್ಲಿ ಕಳೆ ಕತ್ತರಿಸುವ ವೀಡ್ ಕಟರ್ ಹೆಗಲಿಗೇರಿಸಿಕೊಂಡವರು. ಕಿವಿಗೆ ಹತ್ತಿ ಕೂಡ ಇಟ್ಟವರಲ್ಲ. (ಹತ್ತಿ ಇಟ್ಟಿದ್ದರೂ ಹೆಚ್ಚು ಉಪಯೋಗವಾಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಅದಕ್ಕೆ ಕಿವಿಯನ್ನು ಪೂರ್ತಿ ಮುಚ್ಚುವ ಇಯರ್ ಮಫ್ ಬೇಕು.) ಇಂಥ ಸದ್ದು ಮೊದಲು ತಿನ್ನುವುದು 4000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನ ಶ್ರವಣವನ್ನು. ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ತೋಟಗಳಲ್ಲಿ ಈಗ ಮೂವತ್ತು ದಾಟದ ಹುಡುಗರು ಬರಿಗಿವಿಯಲ್ಲಿ ದಿನವಿಡೀ ಕಟರ್ ಓಡಿಸುವುದನ್ನು ಕಂಡಾಗ ನನಗೆ ಮಾವನ ಜಗಲಿ ನೆನಪಾಗುತ್ತದೆ.

ಇದರಲ್ಲೇ ಇನ್ನೊಂದು ತೊಡಕಿದೆ. ಮೆಲ್ಲಗೆ ಹೇಳಿದರೆ ಕೇಳಿಸಲ್ಲ. ಸ್ವಲ್ಪ ಏರಿಸಿದರೆ "ಯಾಕೆ ಕಿರುಚ್ತೀಯ, ನಾನೇನು ಕಿವುಡನಾ?" ಒಳಗಿವಿ ಸವೆದಾಗ ಸಣ್ಣ ಸದ್ದು ಕೇಳುವ ಶಕ್ತಿ ಹೋಗುತ್ತದೆ, ಜೋರು ಸದ್ದು ತಡೆಯುವ ಮಿತಿ ಮಾತ್ರ ಮೇಲೇರುವುದಿಲ್ಲ. ಎರಡರ ನಡುವಿನ ಜಾಗ ಕಿರಿದಾಗುತ್ತದೆ. ಒಳ್ಳೆಯ ಡಿಜಿಟಲ್ ಮಿಷನ್ನಿನ ಕಸುಬೆಲ್ಲ ಇರುವುದು ಇಲ್ಲೇ. ಪಿಸುಮಾತನ್ನು ಹೆಚ್ಚು ಏರಿಸಬೇಕು, ಸಾಧಾರಣ ಮಾತನ್ನು ಸ್ವಲ್ಪ, ಲಾರಿ ಹಾರನ್ನನ್ನು ಏರಿಸಲೇಬಾರದು. ಅದೂ ಯಾವ ಕಂಪನದಲ್ಲಿ ಎಷ್ಟು ನಷ್ಟವೋ ಅಲ್ಲಿಗೆ ಅಷ್ಟೇ. ಆನ್‌ಲೈನಿನಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ 'ಸೌಂಡ್ ಆಂಪ್ಲಿಫೈಯರ್'ಗಳು ಈ ಲೆಕ್ಕ ನೋಡುವುದಿಲ್ಲ. ಬಂದದ್ದನ್ನೆಲ್ಲ ಒಂದೇ ಸಮ ಜೋರು ಮಾಡಿ ಕಿವಿಗೆ ಸುರಿಯುತ್ತವೆ. ಉಳಿದಿರುವ ಜೀವಕೋಶಗಳಿಗೂ ಅದರಿಂದ ಪೆಟ್ಟು.

ನಕ್ಷೆ

ಪರೀಕ್ಷೆಯನ್ನು ಸದ್ದು ಹೊಗದ ಕೋಣೆಯಲ್ಲೇ ಮಾಡಬೇಕು. ಕೊನೆಗೆ ಕೈಗೆ ಬರುವ ಕಾಗದ ಆಡಿಯೋಗ್ರಾಂ, ಅದೇ ಕಿವಿಯ ನಕ್ಷೆ. ಎಡದಿಂದ ಬಲಕ್ಕೆ 250ರಿಂದ 8000 ಹರ್ಟ್ಸ್, ಅಂದರೆ ಗಡಸಿನಿಂದ ಕೀರಲಿನ ಕಡೆಗೆ. ಮೇಲಿನಿಂದ ಕೆಳಕ್ಕೆ ಡೆಸಿಬೆಲ್, ಅಂದರೆ ಕೇಳಿಸಬೇಕಾದರೆ ಸದ್ದು ಎಷ್ಟು ಜೋರಿರಬೇಕು ಎಂಬ ಅಳತೆ. ಕೆಂಪು ಸೊನ್ನೆಗಳು ಬಲಗಿವಿ, ನೀಲಿ ಇಂಟು ಗುರುತುಗಳು ಎಡಗಿವಿ. ಗೆರೆ ಕೆಳಗಿಳಿದಷ್ಟೂ ನಷ್ಟ ಹೆಚ್ಚು. ಸ್ಥೂಲವಾಗಿ 25 ಡೆಸಿಬೆಲ್‌ವರೆಗೆ ಸರಿ ಇದೆ ಎನ್ನಬಹುದು, 40ರವರೆಗೆ ಅಲ್ಪ, 70ರವರೆಗೆ ಮಧ್ಯಮದಿಂದ ಸ್ವಲ್ಪ ತೀವ್ರ, 90ರವರೆಗೆ ತೀವ್ರ, ಅದರಾಚೆ ಅತಿ ತೀವ್ರ.

ಮಾವನ ಬಲಗಿವಿಯ ಗೆರೆ 500 ಹರ್ಟ್ಸ್‌ನಲ್ಲಿ 25, 1000ದಲ್ಲಿ 40, 2000ದಲ್ಲಿ 55. 4000ದಲ್ಲಿ ಧೊಪ್ಪನೆ 75ಕ್ಕೆ ಬಿದ್ದು, 8000ದಲ್ಲಿ 65ಕ್ಕೆ ಏರಿತ್ತು. ಹಲ್ಲರ್ ಮಿಷನ್ನು ಆ ಹಾಳೆಯ ಮೇಲೆ ರುಜು ಹಾಕಿದಂತಿತ್ತು. ವರದಿಯ ಕೆಳಗೆ ಸಾಮಾನ್ಯವಾಗಿ ಒಂದು ಸರಾಸರಿ ಬರೆದಿರುತ್ತಾರೆ, ಮೊದಲ ಮೂರು ಅಂಕಿಗಳದ್ದು. 25, 40, 55 ಕೂಡಿಸಿ ಮೂರರಿಂದ ಭಾಗಿಸಿದರೆ 40. "ಅಲ್ಪ ಶ್ರವಣದೋಷ" ಅಂತ ಬರೆಯುತ್ತಾರೆ. ಆ ಅಲ್ಪದಲ್ಲೇ ಕಾಫಿ ಚಾಪೆಯಾಗಿದ್ದು! ಸರಾಸರಿ ನೋಡಿ ಸಮಾಧಾನಪಡಬೇಡಿ, ಗೆರೆ ಎಲ್ಲಿ ಜಾರಿದೆ ಅಂತ ಬೆರಳಿಟ್ಟು ತೋರಿಸಲು ಹೇಳಿ. ಜೊತೆಗೆ ಪದಗಳನ್ನು ಹೇಳಿಸಿ ಎಷ್ಟು ಸರಿಯಾಗಿ ಹಿಡಿಯುತ್ತಾರೆಂದು ನೋಡುವ ಮಾತಿನ ಪರೀಕ್ಷೆಯೂ ಆಗಬೇಕು. ಅದನ್ನು ಕನ್ನಡದ ಪದಗಳಲ್ಲೇ ಮಾಡಬೇಕು.

ನಕ್ಷೆಗೂ ಮುಂಚೆ ಇಎನ್‌ಟಿ ಡಾಕ್ಟರು ಕಿವಿಯೊಳಗೆ ನೋಡಲಿ. ಗುಗ್ಗೆ ಗಟ್ಟಿಯಾಗಿ ಕಟ್ಟಿಕೊಂಡಿದ್ದರೆ ಅದನ್ನು ತೆಗೆದರೇ ಎಷ್ಟೋ ಜನಕ್ಕೆ ಅರ್ಧ ವಾಸಿಯಾಗುತ್ತದೆ. ಕಿವಿ ಸೋರುತ್ತಿದ್ದರೆ, ತಮಟೆ ತೂತಾಗಿದ್ದರೆ ಅದಕ್ಕೆ ಮೊದಲು ಚಿಕಿತ್ಸೆ. ನಿನ್ನೆಯವರೆಗೆ ಸರಿಯಿದ್ದ ಕಿವಿ ಬೆಳಿಗ್ಗೆ ಏಳುವಷ್ಟರಲ್ಲಿ ಕೇಳಿಸದಂತಾದರೆ ಅದು ತುರ್ತು. ಎರಡು-ಮೂರು ದಿನ ಎಣ್ಣೆ ಬಿಟ್ಟುಕೊಂಡು ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಶ್ರವಣ ಮರಳುವ ಆಸೆ ಇರುತ್ತದೆ. ಒಂದೇ ಕಿವಿ ಮಂದವಾಗುತ್ತಿದ್ದರೂ ಮಿಷನ್ ಅಂಗಡಿಗೆ ಹೋಗುವ ಮೊದಲು ಡಾಕ್ಟರಿಗೆ ತೋರಿಸಬೇಕು.

ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲೂ ಈಗ ಮೆಡಿಕಲ್ ಕಾಲೇಜಾಗಿದೆ. ಆದರೂ ಒಂದು ದಿನ ಬಿಡುವು ಮಾಡಿಕೊಂಡು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿಬನ್ನಿ ಅನ್ನುವವನು ನಾನು. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ, ಮಾನಸಗಂಗೋತ್ರಿಯಲ್ಲಿದೆ. 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಆಟೋದವರಿಗೆ ಗೊತ್ತು. ಹಾಸನದಿಂದ ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ರೈಲಿದೆ, ಸುಮಾರು 120 ಕಿ.ಮೀ. ದಾರಿ. ನಾವು ಎರಡನೇ ಸಲ ಪರೀಕ್ಷೆ ಮಾಡಿಸಿದ್ದು ಅಲ್ಲೇ. ಅಲ್ಲಿಯ ಆಡಿಯಾಲಜಿಸ್ಟ್ (ಶ್ರವಣ ತಜ್ಞೆ) ಹುಡುಗಿ ಮಾವನ ಗೆರೆ ನೋಡಿದವಳೇ ಹಳೇ ಮಿಷನ್ ಯಾಕೆ ಹಿಡಿಸಲಿಲ್ಲ ಅಂತ ನಾವು ಬಾಯಿಬಿಡುವ ಮೊದಲೇ ಹೇಳಿದಳು. ಗಡಸು ದನಿ ಇವರಿಗೆ ಚೆನ್ನಾಗಿಯೇ ಕೇಳುತ್ತದೆ. ಕಿವಿಯ ತೂತನ್ನು ಪೂರ್ತಿ ಬಿರಡೆ ಹಾಕಿದಂತೆ ಮುಚ್ಚಿದ್ದರಿಂದ ಅವರದೇ ದನಿ ಒಳಗೇ ಸಿಕ್ಕಿಕೊಂಡು ಗುಂಯ್ಗುಟ್ಟಿದೆ. ಗಡಿಗೆಯ ಮಾತು ಅಂದರೆ ಅದೇ.

ಬೆರಳು, ಮಳೆ, ಕರೆಂಟು

ಈಗ ಆಕಾರದ ವಿಷಯ. ಜೇಬಿನಲ್ಲಿಟ್ಟು ವೈರು ಎಳೆದುಕೊಳ್ಳುವ ಹಳೇ ಪೆಟ್ಟಿಗೆ ಈಗ ಅಪರೂಪ. ಉಳಿದಂತೆ ಮೂರು ಬಗೆ. ಕಿವಿಯ ಹಿಂದೆ ಕೂತು ನಳಿಗೆಯ ಮೂಲಕ ಸದ್ದು ಕಳಿಸುವುದು ಬಿಟಿಇ. ಹಿಂದೆಯೇ ಕೂತರೂ ಸ್ಪೀಕರನ್ನು ತೆಳು ತಂತಿಯ ತುದಿಯಲ್ಲಿ ಕಿವಿಯೊಳಗೆ ಇಡುವುದು ಆರ್‌ಐಸಿ. ಪೂರ್ತಿ ಒಳಗೇ ಕೂರುವುದು ಸಿಐಸಿ ಮತ್ತು ಅದರ ಅಣ್ಣತಮ್ಮಂದಿರು. ನಷ್ಟ ತೀವ್ರವಾಗಿದ್ದರೆ ಬಿಟಿಇಯೇ ಗತಿ, ಜೊತೆಗೆ ಕಿವಿಯ ಅಚ್ಚು ತೆಗೆದು ಮಾಡಿದ ಮೌಲ್ಡ್ ಬೇಕು. ಇಲ್ಲದಿದ್ದರೆ ಸದ್ದು ಹೊರಗೆ ಸೋರಿ ಕುಂಯ್ ಅಂತ ಸಿಳ್ಳೆ ಹೊಡೆಯುತ್ತದೆ. ಮಾವನಂತೆ ಕೀರಲು ದನಿ ಮಾತ್ರ ಹೋದವರಿಗೆ ತೂತು ಮುಚ್ಚದ, ಗಾಳಿ ಆಡುವ ಮೆತ್ತನೆ ರಬ್ಬರ್ ತುದಿ ಸಾಕು. ನಷ್ಟ ಅತಿ ತೀವ್ರವಾಗಿ ಯಾವ ಮಿಷನ್ನೂ ಮಾತು ಮುಟ್ಟಿಸಲಾಗದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಅದು ಶಸ್ತ್ರಚಿಕಿತ್ಸೆ, ಅದರ ಕತೆಯೇ ಬೇರೆ.

ಅಂಗಡಿಯವರು ಸಾಮಾನ್ಯವಾಗಿ ಕೇಳದ ಪ್ರಶ್ನೆ: ಬೆರಳು ತೋರಿಸಿ. ಒಳಗೆ ಕೂರುವ ಮಿಷನ್ನಿಗೆ ಹಾಕುವ 10ನೇ ನಂಬರಿನ ಸೆಲ್ಲು ಆರು ಮಿಲಿಮೀಟರ್ ಅಗಲವೂ ಇರುವುದಿಲ್ಲ. ಬೇಳೆಕಾಳಿನಷ್ಟು. ಕಾಫಿ ಗಿಡ ಕಸಿ ಮಾಡಿ, ಕತ್ತಿ ಹಿಡಿದು ಜಡ್ಡುಗಟ್ಟಿದ ಮಾವನ ಬೆರಳಿಗೆ ಅದು ಸಿಗುತ್ತಲೇ ಇರಲಿಲ್ಲ. ಎರಡು ಸೆಲ್ಲು ಜಗಲಿಯ ಸಂದಿಯಲ್ಲಿ ಬಿದ್ದು ಹೋಗಿವೆ. 312 ಅದಕ್ಕಿಂತ ದೊಡ್ಡದು, 13 ಇನ್ನೂ ದಪ್ಪ, 675 ಎಲ್ಲಕ್ಕಿಂತ ದೊಡ್ಡದು. ಪಟ್ಟಿಯ ಮೇಲೆ ಬಣ್ಣದ ಗುರುತಿರುತ್ತದೆ. ಕ್ರಮವಾಗಿ ಹಳದಿ, ಕಂದು, ಕಿತ್ತಳೆ, ನೀಲಿ. ಇವು ಗಾಳಿಯಿಂದ ಜೀವ ಪಡೆಯುವ ಸೆಲ್ಲುಗಳು. ಸ್ಟಿಕ್ಕರ್ ಕಿತ್ತ ತಕ್ಷಣ ಒಳಗೆ ಹಾಕದೆ ಒಂದೆರಡು ನಿಮಿಷ ಹೊರಗಿಟ್ಟರೆ ಹೆಚ್ಚು ಬಾಳುತ್ತವೆ. ಕಿತ್ತ ಮೇಲೆ ಮತ್ತೆ ಸ್ಟಿಕ್ಕರ್ ಅಂಟಿಸಿದರೆ ಪ್ರಯೋಜನವಿಲ್ಲ. ಮೊಮ್ಮಕ್ಕಳ ಕೈಗೆ ಸಿಗದಂತೆ ಇಡಿ, ನುಂಗಿದರೆ ಅಪಾಯ.

ಇನ್ನು ಮಳೆ. ಅರಸೀಕೆರೆಯ ಜುಲೈ ಬೇರೆ, ಸಕಲೇಶಪುರ, ಮೂಡಿಗೆರೆ, ಕೊಪ್ಪದ ಜುಲೈ ಬೇರೆ. ನಮ್ಮ ಕಡೆ ಆ ತಿಂಗಳು ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಮಿಷನ್ನನ್ನು ಬಿಟ್ಟೀತೆ? ನಳಿಗೆಯಲ್ಲಿ ತೇವದ ಹನಿ ನಿಂತು ಸದ್ದು ಕಟ್ಟುತ್ತದೆ. ಆರ್‌ಐಸಿಯ ಸ್ಪೀಕರ್ ಕಿವಿಯೊಳಗೇ ಇರುವುದರಿಂದ ಬೆವರು, ಗುಗ್ಗೆ, ತೇವ ಮೂರಕ್ಕೂ ಅದೇ ಮೊದಲ ತುತ್ತು. ಅದರ ತುದಿಯ ಗುಗ್ಗೆ ಜಾಲರಿಯನ್ನು ಆಗಾಗ ಬದಲಿಸದಿದ್ದರೆ ಮಿಷನ್ನು ಕೆಟ್ಟಿತೆಂದೇ ಅನ್ನಿಸುತ್ತದೆ. ಯಾವ ಬಗೆ ತಗೊಂಡರೂ ಸಿಲಿಕಾ ಜೆಲ್ ಹಾಕಿದ ಒಣ ಡಬ್ಬಿಯೊಂದನ್ನು ಕೇಳಿ ತಗೊಳ್ಳಿ. ರಾತ್ರಿ ಸೆಲ್ಲು ತೆಗೆದು, ಬಾಗಿಲು ತೆರೆದು ಮಿಷನ್ನನ್ನು ಅದರಲ್ಲಿಡಬೇಕು. ಒಲೆಯ ಹತ್ತಿರ ಒಣಗಿಸುವುದು ಬೇಡ. ಐಪಿ68 ಅಂತ ಬರೆದಿದ್ದರೆ ಧೂಳು, ನೀರು ಹೆಚ್ಚು ತಡೆಯುತ್ತದೆ ಅಂತ ಅರ್ಥ. ಹಾಕಿಕೊಂಡು ಸ್ನಾನಕ್ಕಿಳಿಯಬಹುದು ಅಂತಲ್ಲ.

ಚಾರ್ಜ್ ಮಾಡುವ ಮಿಷನ್ನುಗಳು ಈಗ ಜೋರಾಗಿ ಮಾರಾಟವಾಗುತ್ತಿವೆ. ಬೆರಳು ನಡುಗುವವರಿಗೆ ಅವು ನಿಜಕ್ಕೂ ವರ. ರಾತ್ರಿ ಪೆಟ್ಟಿಗೆಯಲ್ಲಿಟ್ಟರೆ ಹಗಲಿಡೀ ಬರುತ್ತದೆ. ಹಾಸನ ಪೇಟೆಯಲ್ಲಿರುವವರಾದರೆ ನಾನು ಅದನ್ನೇ ಹೇಳುತ್ತಿದ್ದೆ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಚಾರ್ಜರ್ ನಂಬಿಕೊಂಡರೆ ಕಷ್ಟ. ತಗೊಳ್ಳಲೇಬೇಕೆಂದರೆ ಪೆಟ್ಟಿಗೆಯೇ ಚಾರ್ಜ್ ಶೇಖರಿಸಿಟ್ಟುಕೊಳ್ಳುವ ನಮೂನೆ ಕೇಳಿ. ನಾವು ಕೊನೆಗೆ ಆರಿಸಿದ್ದು 13ನೇ ನಂಬರಿನ ಸೆಲ್ಲಿನ, ತೆಳು ನಳಿಗೆಯ ಬಿಟಿಇ. ಕಿವಿಯೊಳಗೆ ರಬ್ಬರ್ ತುದಿ ಬಿಟ್ಟರೆ ಬೇರೇನಿಲ್ಲ. ಹೆಚ್ಚುಕಡಿಮೆ ಹತ್ತು ದಿನಕ್ಕೊಂದು ಸೆಲ್ಲು.

ದುಡ್ಡು ಎಲ್ಲಿ ಹೋಗುತ್ತದೆ

ಬೆಲೆ ಕಿವಿಯೊಂದಕ್ಕೆ ಅಂತ ಹೇಳುತ್ತಾರೆ, ಇದನ್ನು ಮೊದಲೇ ಕೇಳಿಕೊಳ್ಳಿ. ಸುಮಾರಾಗಿ 10ರಿಂದ 20 ಸಾವಿರಕ್ಕೆ ಸಾದಾ ಡಿಜಿಟಲ್ ಮಿಷನ್ ಬರುತ್ತದೆ. ಅಲ್ಲಿಂದ 60 ಸಾವಿರದವರೆಗೆ ಮಧ್ಯದ್ದು. ಮೇಲಿನವು ಲಕ್ಷ ದಾಟುತ್ತವೆ. ಬೆಲೆ ಏರಿಸುವುದು ಮುಖ್ಯವಾಗಿ ಚಾನೆಲ್ಲುಗಳ (ಸದ್ದನ್ನು ಕಂಪನದ ಪ್ರಕಾರ ಪಾಲು ಮಾಡಿ ಬೇರೆ ಬೇರೆ ತಿದ್ದುವ ಭಾಗಗಳ) ಸಂಖ್ಯೆ, ಗದ್ದಲ ತಗ್ಗಿಸುವ ಜಾಣತನ, ಎದುರಿನ ದನಿಯನ್ನು ಆರಿಸಿಕೊಳ್ಳುವ ಮೈಕು, ಬ್ಲೂಟೂತ್. ಕೀಪ್ಯಾಡ್ ಫೋನಿನ ಮಾವನಿಗೆ ಬ್ಲೂಟೂತ್ ಯಾಕೆ? ದಿನವಿಡೀ ಮನೆ, ತೋಟ, ವಾರಕ್ಕೊಂದು ಸಂತೆ ಎನ್ನುವವರಿಗೆ ನಾಲ್ಕು ಚಾನೆಲ್ ಸಾಲದು ಅನ್ನಿಸಬಹುದು, ಇಪ್ಪತ್ತು ಖಂಡಿತ ಬೇಕಿಲ್ಲ. ಸಭೆ-ಸಮಾರಂಭ, ಬ್ಯಾಂಕು, ತರಗತಿ ಅಂತ ನಾಲ್ಕಾರು ದನಿಗಳ ನಡುವೆ ದುಡಿಯುವವರು ಮೈಕಿನ ಜಾಣತನಕ್ಕೆ ದುಡ್ಡು ಹಾಕಿದರೆ ಸಾರ್ಥಕ.

2014ರಲ್ಲಿ ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದವರು ಅಲ್ಪ ಮತ್ತು ಮಧ್ಯಮ ನಷ್ಟದ ಹಿರಿಯರಿಗೆ ಸಾದಾ ಮಿಷನ್ನನ್ನೂ ದುಬಾರಿ ಮಿಷನ್ನನ್ನೂ ತಿಂಗಳು ತಿಂಗಳು ತೊಡಿಸಿ ನೋಡಿದರು. ಯಾವುದು ಯಾವುದೆಂದು ತೊಟ್ಟವರಿಗೆ ಹೇಳಿರಲಿಲ್ಲ. ಎರಡರಿಂದಲೂ ಅನುಕೂಲವಾಗಿತ್ತು. ಮಾತು ತಿಳಿಯುವುದರಲ್ಲಿ ದುಬಾರಿಯದು ಗಮನಾರ್ಹವಾಗಿ ಮುಂದಿರಲಿಲ್ಲ. ಎರಡನ್ನೂ ಒಬ್ಬೊಬ್ಬರ ನಕ್ಷೆಗೆ ಸರಿಯಾಗಿ ಹೊಂದಿಸಿ ಕೊಟ್ಟಿದ್ದರು ಎನ್ನುವುದೇ ಇಲ್ಲಿ ಮುಖ್ಯ. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಕಿವಿಗೆ ಲಕ್ಷದ್ದು ಹಾಕುವ ಬದಲು ಎರಡೂ ಕಿವಿಗೆ ಮಧ್ಯದ್ದು ಹಾಕಿಸಿ. ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯಲು, ಗದ್ದಲದಲ್ಲಿ ಮಾತು ಬಿಡಿಸಿಕೊಳ್ಳಲು ಮಿದುಳಿಗೆ ಎರಡೂ ಕಿವಿ ಬೇಕು. ಮಾವನ ಜೋಡಿಗೆ 44,000 ಆಯಿತು.

ಬಿಲ್ ನೋಡಿ. ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ. ಮಿಷನ್ನಿನ ಮೇಲೆ ತೆರಿಗೆ ಹಾಕಿದ್ದರೆ ಯಾಕೆಂದು ಕೇಳಿ. ಸೆಲ್ಲಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ವಾರಕ್ಕೊಂದರಂತೆ ಎರಡು ಕಿವಿಗೆ ವರ್ಷಕ್ಕೆ 104 ಸೆಲ್ಲು. ಆರರ ಪಟ್ಟಿಗೆ 250 ರೂಪಾಯಿ ಹಿಡಿದರೂ 4,500. ಮಿಷನ್ನಿನ ಆಯಸ್ಸು ಸಾಮಾನ್ಯವಾಗಿ ಐದು ವರ್ಷದ ಆಸುಪಾಸು.

ದುಡ್ಡಿಲ್ಲದವರಿಗೆ ಕೇಂದ್ರದ ಎರಡು ಯೋಜನೆ ಇವೆ. ಅಂಗವಿಕಲರಿಗೆ ಸಾಧನ ಒದಗಿಸುವ ಎಡಿಪ್ ಯೋಜನೆಯಲ್ಲಿ ತಿಂಗಳ ಆದಾಯ 22,500ರೊಳಗಿದ್ದರೆ ಪೂರ್ತಿ ಉಚಿತ, 30,000ದವರೆಗೆ ಅರ್ಧ ಬೆಲೆ. ಅದಕ್ಕೆ ಶೇ. 40ರ ಅಂಗವೈಕಲ್ಯ ಪ್ರಮಾಣಪತ್ರ ಬೇಕು. 2016ರ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ ಮಾತಿನ ಕಂಪನಗಳಲ್ಲಿ 60 ಡೆಸಿಬೆಲ್ ನಷ್ಟ ಇದ್ದರೆ ಮಾತ್ರ 'ಶ್ರವಣ ಮಂದ'. ಮಾವನ 40ರ ಸರಾಸರಿ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ವಯಸ್ಸಾದವರಿಗೆ ಹೆಚ್ಚು ಒದಗುವುದು 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ. 60 ದಾಟಿರಬೇಕು, ಬಿಪಿಎಲ್ ಕಾರ್ಡ್ ಅಥವಾ ತಿಂಗಳಿಗೆ 15,000ದೊಳಗಿನ ಆದಾಯ ಇರಬೇಕು. ಸಾಧನಗಳನ್ನು ಶಿಬಿರಗಳಲ್ಲಿ ಹಂಚುತ್ತಾರೆ.

ಹೊಂದಿಸುವುದು

ಮಿಷನ್ ಕೊಡುವವರು ಯಾರು ಅಂತ ನೋಡಿ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದ ಆಡಿಯಾಲಜಿಸ್ಟಿಗೆ ನಂಬರಿರುತ್ತದೆ, ಗೋಡೆಯ ಮೇಲೆ ಇಲ್ಲದಿದ್ದರೆ ಕೇಳಿ. ಕಿವಿಯೊಳಗೆ ಕೂದಲೆಳೆಯಂಥ ನಳಿಗೆ ಇಟ್ಟು, ಮಿಷನ್ನಿನ ಸದ್ದು ತಮಟೆಯ ಹತ್ತಿರ ನಿಜವಾಗಿ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ ಮಾಡುವವರು ಸಿಕ್ಕರೆ ಅವರನ್ನು ಬಿಡಬೇಡಿ. ಬೇರೆ ಊರಿನ ಆಡಿಯಾಲಜಿಸ್ಟೂ ಇದನ್ನು ತಿದ್ದಬಹುದೇ, ಇಲ್ಲಾ ನಿಮ್ಮ ಅಂಗಡಿಯಲ್ಲಿ ಮಾತ್ರವೇ ಎಂದು ಕೇಳಿ. ಬೀಗ ಹಾಕಿದಂಥ ಮಿಷನ್ನುಗಳಿವೆ, ಅಂಗಡಿ ಮುಚ್ಚಿದರೆ ಮಿಷನ್ನೂ ಅನಾಥ. ಕೊಳ್ಳುವ ಮೊದಲು ಕೆಲವು ದಿನ ಮನೆಗೊಯ್ದು ನೋಡಲು ಕೊಡುತ್ತಾರೆಯೇ ಎಂದೂ ಕೇಳಿ. ಎಸಿ ಕೋಣೆಯಲ್ಲಿ ಎಲ್ಲ ಮಿಷನ್ನೂ ಚೆನ್ನಾಗಿಯೇ ಕೇಳಿಸುತ್ತವೆ. ನಿಜ ಗೊತ್ತಾಗುವುದು ಬಸ್ ಸ್ಟ್ಯಾಂಡಿನಲ್ಲಿ.

ಹಾಕಿದ ಮೊದಲ ವಾರ ಸ್ಟೀಲ್ ಲೋಟ ಕೆಳಗಿಟ್ಟರೂ ಬೆಚ್ಚುತ್ತಾರೆ. ಹತ್ತಾರು ವರ್ಷದಿಂದ ಕೇಳದ ಸದ್ದುಗಳು ಒಮ್ಮೆಲೇ ನುಗ್ಗಿದರೆ ಮಿದುಳಿಗೂ ಗಾಬರಿ. ಮನೆಯಲ್ಲಿ ಒಂದೆರಡು ಗಂಟೆಯಿಂದ ಶುರು ಮಾಡಿ ದಿನದಿನಕ್ಕೆ ಹೆಚ್ಚಿಸುತ್ತ ಹೋಗಬೇಕು, ಕೆಲವು ವಾರ ಹಿಡಿಯುತ್ತದೆ. ಮಾವ ಮೂರನೇ ಸಂಜೆ ತೋಟದ ಕಡೆ ತಿರುಗಿ "ಅದೇನದು ಕಿರ್ರ್ ಅಂತಿರೋದು, ಮಿಷನ್ ಕೆಟ್ಟೋಯ್ತಾ?" ಅಂದರು. ಜೀರುಂಡೆ.

ಮೂರು ವಾರಕ್ಕೆ ತಿದ್ದಿಸಲು ಮತ್ತೆ ಮೈಸೂರಿಗೆ ಹೋದೆವು. "ದಿನಾ ಹಾಕ್ಕೊತೀರಾ ತಾತ?" ಅಂತ ಹುಡುಗಿ ಕೇಳಿದಳು. "ಬೆಳಿಗ್ಗೆ ಹಾಕಿದ್ರೆ ರಾತ್ರೀನೇ ತೆಗೆಯೋದಮ್ಮ" ಅಂದರು ಮಾವ. ಅವಳು ಮಿಷನ್ನನ್ನು ಕಂಪ್ಯೂಟರಿಗೆ ಸೇರಿಸಿ ಪರದೆ ನಮ್ಮ ಕಡೆ ತಿರುಗಿಸಿದಳು. ಎಷ್ಟು ಹೊತ್ತು ಓಡಿದೆ ಎಂಬ ಲೆಕ್ಕವನ್ನು ಮಿಷನ್ನೇ ಇಟ್ಟುಕೊಂಡಿರುತ್ತದೆ. ದಿನಕ್ಕೆ ಸರಾಸರಿ 50 ನಿಮಿಷ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಊಟಕ್ಕೆ ಕೂತಾಗ ತಟ್ಟೆಯ ಸದ್ದು ತಲೆಗೆ ಹೊಡೆದಂತಾಗುತ್ತದೆ, ಆಗ ತೆಗೆದವನು ಮತ್ತೆ ಹಾಕುವುದನ್ನು ಮರೆಯುತ್ತೇನೆ ಅಂತ ಒಪ್ಪಿಕೊಂಡರು. ಅವಳು ಮಾತಿನ ಸದ್ದು ಹಾಗೇ ಬಿಟ್ಟು, ಠಣ್ ಅನ್ನುವ ಜೋರು ಸದ್ದುಗಳನ್ನಷ್ಟೇ ತಗ್ಗಿಸಿದಳು. ಐದು ನಿಮಿಷದ ಕೆಲಸ.

ಅದಾದ ಮೇಲೆ ಮುಂದಿನ ಸಲ ಹೊರಡುವ ದಿನ ಬೆಳಗಿನ ಜಾವ ಐದಕ್ಕೇ, ಮುಖ ತೊಳೆಯುವ ಮುಂಚೆ, ಮಾವನ ಎರಡೂ ಕಿವಿಯಲ್ಲಿ ಮಿಷನ್ನಿತ್ತು. "ಇಷ್ಟು ಬೇಗ ಯಾಕೆ ಮಾವ?" ಅಂದೆ, ಮೆಲ್ಲಗೇ.

"ಚಾಡಿ ಹೇಳೋ ಮಿಷನ್ ಅಳಿಯಂದ್ರೇ, ಬಾಯಿಗೆ ಸಿಕ್ಕೋದು ಬೇಡ" ಅಂದರು.